ಒಂದು ಬಟನ್‌ಗೆ ಒಂದೇ ಹೆಸರು

ಅವನ ಮೊದಲ ಕಾಮೆಂಟ್ ಓದಿದ ಮೇಲೆ ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮ್ಯಾನ್ಯುಯಲ್‌ನ ಹನ್ನೊಂದನೇ ಪುಟದ ಅಂಚಿನಲ್ಲಿ, ಹಳದಿ ಚೌಕದೊಳಗೆ, ಇಂಗ್ಲಿಷಿನಲ್ಲಿ ಒಂದೇ ಸಾಲು ಇತ್ತು. ಒಂದೇ ಬಟನ್‌ಗೆ ನಾಲ್ಕು ಹೆಸರು ಇಟ್ಟವರು ಯಾರು? ಕೆಳಗೆ ಅವನ ಹೆಸರು: ಶಶಿಕಾಂತ್, ಡಲ್ಲಾಸ್ ಆಫೀಸ್.

ಬಡಾವಣೆಗಳಲ್ಲಿ ನಿಂತ ಮಳೆನೀರನ್ನು ಎತ್ತಿ ಹೊರಹಾಕುವ ಪಂಪ್‌ಗಳಿಗೆ ನಮ್ಮ ಕಂಪನಿ ಸಾಫ್ಟ್‌ವೇರ್ ಮಾಡುತ್ತದೆ. ಅದನ್ನು ಬರೆಯುವವರು ಡಲ್ಲಾಸ್‌ನಲ್ಲಿ. ಅದನ್ನು ಹೇಗೆ ಬಳಸಬೇಕು ಅಂತ ಪುಸ್ತಕ ಬರೆಯುವವಳು ಆಸ್ಟಿನ್‌ನಲ್ಲಿ ನಾನೊಬ್ಬಳೇ. ಸೇರಿ ಐದು ತಿಂಗಳಾಗಿತ್ತು. ಅದಕ್ಕೆ ಮುಂಚೆ ಹ್ಯೂಸ್ಟನ್‌ನ ಹಿಲ್‌ಕ್ರಾಫ್ಟ್‌ನಲ್ಲಿ, ಅಮ್ಮ ಬ್ಲೌಸ್ ಹೊಲಿಯುವ ಅಂಗಡಿಯ ಕೌಂಟರಿನಲ್ಲಿ ಹಗಲೆಲ್ಲ ಕೂತು, ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಟೆಕ್ನಿಕಲ್ ರೈಟಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಆಫೀಸಿನಲ್ಲಿ ಎಲ್ಲರಿಗೂ ಎರಡೆರಡು ಡಿಗ್ರಿ. ಇದನ್ನು ಬರೆದವರು ಯಾರು ಅಂತ ಯಾರಾದರೂ ಕೇಳಿದರೆ, ನಿನ್ನನ್ನು ಒಳಗೆ ಬಿಟ್ಟವರು ಯಾರು ಅಂತಲೇ ನನಗೆ ಕೇಳಿಸುತ್ತಿತ್ತು.

ಪುಟ ತಿರುಗಿಸಿ ನೋಡಿದೆ. ನಿಜ. ಹನ್ನೊಂದರಲ್ಲಿ 'ಸ್ಟಾಪ್', ಹದಿನಾಲ್ಕರಲ್ಲಿ 'ಹಾಲ್ಟ್', ಇಪ್ಪತ್ತರಲ್ಲಿ 'ಪಂಪ್ ಆಫ್', ಚಿತ್ರದ ಕೆಳಗೆ 'ಎಂಡ್'. ಸಾಲದ್ದಕ್ಕೆ ಒಂದು ಕಡೆ ಕ್ಲಿಕ್ ಮಾಡಿ, ಇನ್ನೊಂದು ಕಡೆ ಟ್ಯಾಪ್ ಮಾಡಿ, ಮತ್ತೊಂದು ಕಡೆ ಪ್ರೆಸ್ ಮಾಡಿ. ಮೂರು ಪ್ಯಾರಾ ಕ್ಷಮೆ ಕೇಳಿ ಬರೆದೆ, ಅಳಿಸಿದೆ, ಮತ್ತೆ ಬರೆದು ಕಳಿಸಿದೆ. ಹತ್ತು ನಿಮಿಷಕ್ಕೆ ಅವನೇ ಕಾಲ್ ಮಾಡಿದ.

"ಮಹತಿ ಅವರ, ನಾ ನಿಮಗ ಬೈದಿಲ್ರಿ," ಅಂದಿತು ಗದಗದ ಕಡೆಯ ಒಂದು ದನಿ. ನಾನು ಮೈಸೂರಿನವಳು ಅಂತ ಮ್ಯಾನೇಜರ್ ರಿಷಭ್ ಹೇಳಿದ್ದರಂತೆ. "ಸ್ಕ್ರೀನಿನ್ಯಾಗ ಆ ನಾಲ್ಕು ಹೆಸರು ಇಟ್ಟಾವ ನಾನ. ಮೂರು ವರ್ಷದಾಗ ಒಂದೊಂದು ಸಲ ಒಂದೊಂದು ತಲ್ಯಾಗ ಬಂತು, ಇಟ್ಟೆ. ನೀವು ಇದ್ದದ್ದನ್ನ ಇದ್ದಾಂಗ ಬರದೀರಿ. ಅದು ನನಗ ನಾನ ಕೇಳಿಕೊಂಡ ಪ್ರಶ್ನೆ."

ನಾನು ಮತ್ತೆ ಸಾರಿ ಅಂದೆ. ಅದಕ್ಕೆ ಅವನು ನಕ್ಕ.

*

ಅಂದಿನಿಂದ ಪ್ರತಿ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ನಮ್ಮಿಬ್ಬರ ಕಾಲ್. ಕೆಲಸ ಒಂದೇ, ಇಬ್ಬರೂ ಒಟ್ಟಿಗೆ ತೆರೆದು ಬರೆಯುವ ಪದಗಳ ಪಟ್ಟಿ. ಒಂದು ಶೀಟ್‌ನಲ್ಲಿ ಮೂರು ಕಾಲಂ. ಸ್ಕ್ರೀನಿನ ಮೇಲೆ ಏನಿದೆ, ಅದಕ್ಕೆ ಯಾವ ಪದ ಬಳಸಬೇಕು, ಯಾವ ಪದಗಳನ್ನು ಬಳಸಲೇಬಾರದು.

ಮೊದಲ ಜಗಳ 'ಟ್ಯಾಪ್' ಬಗ್ಗೆ. ಫೀಲ್ಡ್‌ನಲ್ಲಿ ಟ್ಯಾಬ್ಲೆಟ್ ಹಿಡಿದವರಿಗೆ ಟ್ಯಾಪ್ ಸರಿ, ಆಫೀಸಿನಲ್ಲಿ ಮೌಸ್ ಹಿಡಿದವರಿಗೆ ಅದು ತಪ್ಪು. ಎರಡಕ್ಕೂ ಹೊಂದುವುದು 'ಸೆಲೆಕ್ಟ್' ಅಂದೆ. ಯಾವ ಮನುಷ್ಯನೂ ಹಂಗ ಮಾತಾಡೂದಿಲ್ಲ ಅಂತ ಅವನ ವಾದ.

"ನಿಮ್ಮ ಮನ್ಯಾಗ ಲೈಟ್ ಏನ್ ಮಾಡ್ತೀರಿ?"

"ಆಫ್ ಮಾಡ್ತೀವಿ."

"ನಮ್ಮವ್ವ ಬಂದ್ ಮಾಡ್ತಾಳ. ಅಪ್ಪ ಆರಸ್ತಾನ. ಅಜ್ಜಿ ಶಾಂತ ಮಾಡ್ತಿದ್ಲು. ಯಾರೂ ಕತ್ತಲ್ಯಾಗ ದಾರಿ ತಪ್ಪಿಲ್ಲ ನೋಡ್ರಿ."

ನಗು ಬಂತು. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಬಾಯಿಂದ ಬಂದೇಬಿಟ್ಟಿತು. "ನಿಮ್ಮ ಮನೇಲಿ ಅರ್ಥ ಆಗದಿದ್ರೆ ಒಬ್ಬರನ್ನೊಬ್ಬರು ಕೇಳಬಹುದು. ಮಳೇಲಿ ಒಬ್ಬರೇ ನಿಂತಿರೋ ಆಪರೇಟರ್ ಯಾರನ್ನ ಕೇಳ್ತಾರೆ?"

ಅಧಿಕಪ್ರಸಂಗ ಆಯಿತೇನೋ ಅಂದುಕೊಂಡೆ. ಆಮೇಲೆ ಶೀಟ್‌ನ ಎರಡನೇ ಕಾಲಂನಲ್ಲಿ ಒಂದೊಂದೇ ಅಕ್ಷರ ಮೂಡಿತು: ಸೆಲೆಕ್ಟ್.

ಅದರ ಕೆಳಗಿನ ಸಾಲನ್ನು ಅವನೇ ಸೇರಿಸಿದ. ಪಂಪ್ ಸ್ಟೇಷನ್ನಿನ ಗೋಡೆಯ ಪ್ಯಾನೆಲ್ ಮೇಲಿರುವ ಕೆಂಪು ಎಮರ್ಜೆನ್ಸಿ ಬಟನ್ ಒಂದಕ್ಕೆ ಮಾತ್ರ 'ಪ್ರೆಸ್' ಅನ್ನಬೇಕು, ಯಾಕೆಂದರೆ ಅದು ಸ್ಕ್ರೀನಿನಲ್ಲಿ ಇಲ್ಲ, ಕೈಯಿಂದಲೇ ಒತ್ತಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕ್ರಿ ಅಂದ. ಹಾಕಿದೆ.

ಆ ಶೀಟ್‌ನಲ್ಲಿ ಅವನ ಕರ್ಸರ್ ಹಸಿರು, ನನ್ನದು ನೇರಳೆ. ಕಾಲ್ ಇಲ್ಲದ ದಿನವೂ ನಾನು ಒಂದು ಸಾಲಿನಲ್ಲಿ ಯೋಚಿಸುತ್ತಾ ನಿಂತರೆ, ಎಲ್ಲಿಂದಲೋ ಆ ಹಸಿರು ಗೆರೆ ಬಂದು ಪಕ್ಕದ ಸಾಲಿನಲ್ಲಿ ನಿಲ್ಲುತ್ತಿತ್ತು. ಏನೂ ಬರೆಯುತ್ತಿರಲಿಲ್ಲ. ನಾನು ಕೆಳಗಿಳಿದರೆ ಅದೂ ಇಳಿಯುತ್ತಿತ್ತು. ಒಮ್ಮೆ ಬೇಕಂತಲೇ ನೂರು ಸಾಲು ಕೆಳಗೆ, ಖಾಲಿ ಜಾಗಕ್ಕೆ ಓಡಿದೆ. ಅಲ್ಲಿಗೂ ಬಂತು. ಲ್ಯಾಪ್‌ಟಾಪ್ ಮುಚ್ಚಿ, ಸುಮ್ಮನೆ ಕೂರಲಾಗದೆ, ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಮೂರು ಸುತ್ತು ನಡೆದೆ.

ಬುಧವಾರಗಳಂದು ಓಲೆ ಹಾಕಿಕೊಳ್ಳತೊಡಗಿದೆ. ಕ್ಯಾಮೆರಾದಲ್ಲಿ ಅವನು ನನ್ನನ್ನು ನೇರ ನೋಡುತ್ತಿರಲಿಲ್ಲ. ಶೀಟ್ ಓದುವವನ ಹಾಗೆ ಪಕ್ಕಕ್ಕೆ ನೋಡುತ್ತಾ, ನಾನು ಮಾತು ನಿಲ್ಲಿಸಿದ ಕೂಡಲೇ ಒಂದು ಸಲ ಕಣ್ಣೆತ್ತಿ, ಕನ್ನಡಕವನ್ನು ಪೆನ್ಸಿಲ್ ತುದಿಯಿಂದ ಮೇಲಕ್ಕೆ ತಳ್ಳಿ, ಮತ್ತೆ ಪಕ್ಕಕ್ಕೆ. ಆ ಒಂದು ಸಲಕ್ಕಾಗಿ ನಾನು ಬೇಗ ಬೇಗ ಮಾತು ಮುಗಿಸುತ್ತಿದ್ದೆ.

*

ಏಪ್ರಿಲ್‌ನಲ್ಲಿ, ನಡುದಾರಿಯಲ್ಲಿ ಭೇಟಿಯಾಗೋಣವೇ ಅಂತ ಕೇಳಿದ. ಕೆಲಸದ ವಿಷಯಕ್ಕೇ ಅಂತ ಇಬ್ಬರೂ ಒಂದೊಂದು ಸಲ ಹೇಳಿಕೊಂಡೆವು. ಹೆದ್ದಾರಿ ಮೂವತ್ತೈದರ ಮೇಲೆ ವೆಸ್ಟ್ ಅಂತಲೇ ಹೆಸರಿರುವ ಒಂದು ಸಣ್ಣ ಊರಿದೆ. ಅಲ್ಲಿನ ಬೇಕರಿಗಳಲ್ಲಿ ಹಣ್ಣಿನ ಹೂರಣದ ಕೊಲಾಚಿ ಬನ್ ಸಿಗುತ್ತದೆ. ಅವನಿಗೆ ಅದು ಒಂದು ಗಂಟೆಯ ಡ್ರೈವ್, ನನಗೆ ಎರಡು. ನಡುದಾರಿ ಅಂದರೆ ಇದೇನಾ ಅಂತ ಕೇಳಬೇಕೆಂದುಕೊಂಡಿದ್ದೆ. ಅವನನ್ನು ನೋಡಿದ ಮೇಲೆ ಮರೆತುಹೋಯಿತು.

ಕ್ಯಾಮೆರಾದಲ್ಲಿ ಕಂಡದ್ದಕ್ಕಿಂತ ಎತ್ತರ. ಒಳಗೆ ಜಾಗ ಸಿಗದೆ ಅವನ ಕಾರಿನಲ್ಲೇ ಕೂತೆವು, ನಡುವೆ ಬನ್ನಿನ ಡಬ್ಬಿ ಇಟ್ಟುಕೊಂಡು. ಅವನ ಮೀಸೆಯ ತುದಿಗೆ ಏಪ್ರಿಕಾಟ್ ಹೂರಣ ಅಂಟಿತ್ತು. ಹೇಳಲೋ ಬೇಡವೋ ಅಂತ ಯೋಚಿಸುವುದರಲ್ಲಿ ಅವನೇ ಒರೆಸಿಕೊಂಡು, ಇಷ್ಟೊತ್ತು ಯಾಕೆ ಹೇಳಲಿಲ್ಲ ಅಂದ. ನೋಡಿರಲಿಲ್ಲ ಅಂದೆ.

"ಸುಳ್ಳು. ಅಲ್ಲೇ ನೋಡಾಕತ್ತಿದ್ರಿ."

ಅವನು ಏನೋ ಹೇಳಲು ನನ್ನ ಕಡೆ ತಿರುಗಿದ. ನಾನು ಗಾಬರಿಯಿಂದ ಇಪ್ಪತ್ತೇಳನೇ ಸಾಲಿನ ಬಗ್ಗೆ ಶುರು ಮಾಡಿದೆ. 'ಡ್ರಾಪ್‌ಡೌನ್' ಅನ್ನಬೇಕೋ, 'ಲಿಸ್ಟ್' ಅಂದರೆ ಸಾಕೋ. ಅವನು ಎರಡು ನಿಮಿಷ ಕೇಳಿದ. ಲಿಸ್ಟ್ ಸಾಕ್ರಿ ಅಂದ, ಬಹಳ ಮೆತ್ತಗೆ.

ವಾಪಸ್ ಬರುವಾಗ ಎರಡು ಗಂಟೆಯೂ ನನ್ನನ್ನು ನಾನೇ ಬೈದುಕೊಂಡೆ.

*

ಮೇ ಮೊದಲ ವಾರ, ಶುಕ್ರವಾರ ರಿಲೀಸ್. ಗುರುವಾರ ಸಂಜೆಯೊಳಗೆ ಇಡೀ ಮ್ಯಾನ್ಯುಯಲ್‌ಗೆ ಹೊಸ ಪದಗಳು ಬರಬೇಕಿತ್ತು. 'ಪ್ರೆಸ್' ಅನ್ನುವುದನ್ನು 'ಸೆಲೆಕ್ಟ್' ಮಾಡಬೇಕಾದ ಜಾಗಗಳನ್ನು ಪೆನ್ನಿನಿಂದ ಗುರುತು ಹಾಕಿ ಎಣಿಸಿದ್ದೆ, ಮುನ್ನೂರ ಹನ್ನೆರಡು. ನನ್ನ ಪದ್ಧತಿ ನಿಧಾನದ್ದು. ಒಂದು ಹುಡುಕು, ಸಾಲು ಓದು, ಬದಲಿಸು, ಮುಂದಿನದು. ಇನ್ನೂರ ಐವತ್ತರ ತನಕ ಹಾಗೇ ಮಾಡಿದೆ.

ಆಗ ಅವನ ಮೆಸೇಜ್ ಬಂತು. ಭಾನುವಾರ ವೆಸ್ಟ್‌ಗೆ ಬರ್ತೀರೇನು, ಈ ಸಲ ಸಾಲು ನಂಬರ್ ಮಾತಾಡೂದು ಬ್ಯಾಡ ಅಂತ.

ನಾಲ್ಕು ಸಲ ಓದಿದೆ. ಬರ್ತೀನಿ ಅಂತ ಬರೆದೆ. ಆಮೇಲೆ ಪರದೆಗೆ ಮರಳಿದರೆ ಕಣ್ಣು ಸಾಲಿನ ಮೇಲೆ ನಿಲ್ಲುತ್ತಿಲ್ಲ. ಇನ್ನು ಉಳಿದಿರುವುದು ಇಷ್ಟೇ ತಾನೇ ಅಂತ 'ಎಲ್ಲವನ್ನೂ ಬದಲಿಸು' ಒತ್ತಿಬಿಟ್ಟೆ. ಒಟ್ಟು ಲೆಕ್ಕ ನೋಡಿದರೆ ಮುನ್ನೂರ ಇಪ್ಪತ್ತೊಂದು ಆಗುತ್ತಿತ್ತು. ಹನ್ನೆರಡೋ ಇಪ್ಪತ್ತೊಂದೋ, ನನ್ನ ತಲೆಯಲ್ಲೇ ಅಂಕಿ ತಿರುಗಿದೆ ಅಂದುಕೊಂಡೆ. ದಿನಕ್ಕೆ ಮೂರು ಸಲ ಬಾಗಿಲಿನ ಬೀಗ ಎಳೆದು ನೋಡುವ ನಾನು, ಅದೊಂದನ್ನು ಮತ್ತೆ ನೋಡಲಿಲ್ಲ.

ರಿವ್ಯೂಗೆ ಕಳಿಸಿದೆ. ನೂರ ಎಂಬತ್ತು ಪುಟ. ಎರಡೇ ನಿಮಿಷದಲ್ಲಿ ಅವನಿಂದ ಅಪ್ರೂವ್ಡ್ ಅಂತ ಬಂತು. ನನ್ನ ಮೇಲೆ ಎಷ್ಟು ನಂಬಿಕೆ ಅಂತ ಖುಷಿಪಟ್ಟೆ. ದೇವರೇ, ಖುಷಿಪಟ್ಟೆ.

ಭಾನುವಾರ ಬೆಳಿಗ್ಗೆಯಿಂದಲೇ ಬಿರುಗಾಳಿ ಎಚ್ಚರಿಕೆ. ಡಲ್ಲಾಸ್‌ನಿಂದ ಹ್ಯೂಸ್ಟನ್‌ವರೆಗೆ ಆಕಾಶ ಹಸಿರುಗಪ್ಪು. ಹೊರಡಬೇಡಿ ಅಂತ ಅವನೂ, ನೀವೂ ಬೇಡ ಅಂತ ನಾನೂ ಹೇಳಿಕೊಂಡೆವು.

ಅದೇ ಮಳೆ ಮಧ್ಯಾಹ್ನ ಹ್ಯೂಸ್ಟನ್ ಪಕ್ಕದ ಸೈಪ್ರೆಸ್ ಊರಿನ ಮೇಲೆ ಬಿತ್ತು. ಅಲ್ಲಿನ ಒಂದು ಬಡಾವಣೆಯ ಪಂಪ್‌ಗೆ ಕೊಂಬೆ ಸಿಕ್ಕಿ ಮೋಟಾರ್ ಕಿರುಚತೊಡಗಿತು. ಎರ್ನೆಸ್ಟೊ ಅನ್ನುವ ಆಪರೇಟರ್ ಒಬ್ಬರೇ ಇದ್ದರು, ಆ ಸ್ಟೇಷನ್‌ಗೆ ಹೊಸಬರು. ಟ್ಯಾಬ್ಲೆಟ್‌ನಲ್ಲಿ ಹೊಸ ಮ್ಯಾನ್ಯುಯಲ್ ತೆರೆದರೆ, ಎಮರ್ಜೆನ್ಸಿ ಸ್ಟಾಪ್ ಸೆಲೆಕ್ಟ್ ಮಾಡಿ ಅಂತ ಇದೆ. ಅವರು ಸ್ಕ್ರೀನಿನ ಮೇಲೆ ಕೆಂಪು ಬಟನ್ ಹುಡುಕುತ್ತಾ ನಿಂತರು, ನಾಲ್ಕು ನಿಮಿಷ. ನಿಜವಾದ ಬಟನ್ ಅವರ ಬೆನ್ನ ಹಿಂದೆ ಗೋಡೆಯ ಮೇಲಿತ್ತು. ಮೋಟಾರ್ ಸುಟ್ಟಿತು. ಎರಡು ರಸ್ತೆಗಳಲ್ಲಿ ಮೊಣಕಾಲು ಮಟ್ಟ ನೀರು ನಿಂತಿತು. ಯಾರಿಗೂ ಗಾಯವಾಗಲಿಲ್ಲ.

ಕೆಂಪು ಬಟನ್ನಿನ ಮಾತು ಬರುವ ಒಂಬತ್ತು ಜಾಗ. ಸೋಮವಾರ ಬೆಳಿಗ್ಗೆ ಎಣಿಸಿದೆ. ಮುನ್ನೂರ ಇಪ್ಪತ್ತೊಂದರಲ್ಲಿ ಮುನ್ನೂರ ಹನ್ನೆರಡು ಹೋದರೆ ಒಂಬತ್ತು.

*

ಹತ್ತು ಗಂಟೆಗೆ ಕಾಲ್. ರಿಷಭ್, ಸೈಪ್ರೆಸ್‌ನ ಕಸ್ಟಮರ್, ಅವನು, ನಾನು. ಇದು ಹೇಗಾಯಿತು ಅಂತ ರಿಷಭ್ ಕೇಳಿದರು. ನಾನು ಮ್ಯೂಟ್‌ನಲ್ಲಿದ್ದೆ. ಮ್ಯೂಟ್ ತೆಗೆಯಲು ಬೆರಳು ಎತ್ತಿದ್ದೆ, ನಿಜವಾಗಿ ಎತ್ತಿದ್ದೆ.

ಅಷ್ಟರಲ್ಲಿ ಅವನು ಮಾತಾಡಿದ. ಪದ ಬದಲಿಸಿದ್ದು ತನ್ನ ತೀರ್ಮಾನ, ಅಪ್ರೂವ್ ಮಾಡಿದ್ದೂ ತಾನೇ, ಮಹತಿ ಹೇಳಿದಂತೆ ಮಾಡಿದರು ಅಷ್ಟೇ ಅಂದ.

ನನ್ನ ಬೆರಳು ಕೆಳಗಿಳಿಯಿತು. ಹದಿನೇಳು ನಿಮಿಷ ಕಾಲ್ ನಡೆಯಿತು. ಹದಿನೇಳು ನಿಮಿಷವೂ ನಾನು ಮ್ಯೂಟ್‌ನಲ್ಲೇ ಇದ್ದೆ.

ಆ ವಾರ ಅವನು ಮೂರು ಸಲ ಫೋನ್ ಮಾಡಿದ. ತೆಗೆಯಲಿಲ್ಲ. ಒಂದು ಕ್ಷಣ ಅವನ ಕಾಲು ಹಿಡಿಯಬೇಕು ಅನ್ನಿಸಿದರೆ, ಮರುಕ್ಷಣ ಅವನ ಮೇಲೆ ಕೋಪ. ಇವಳಿಂದ ಇದನ್ನು ಹೊರಲಾಗದು ಅಂತ ಅವನೇ ತೀರ್ಮಾನಿಸಿದ್ದನಲ್ಲ. ಹೌದು, ಹೊರಲಾಗಲಿಲ್ಲ. ಅದಕ್ಕೇ ಇನ್ನೂ ಕೋಪ. ಬುಧವಾರ ಎರಡಕ್ಕೆ ಶೀಟ್ ತೆರೆದು ನೋಡಿದೆ. ಹಸಿರು ಗೆರೆ ಒಂದೇ ಜಾಗದಲ್ಲಿ ಮಿನುಗುತ್ತಿತ್ತು. ಮುಚ್ಚಿದೆ.

ಶುಕ್ರವಾರ ರಿಷಭ್ ತಿಳಿಸಿದರು. ಶಶಿಕಾಂತ್‌ನನ್ನು ಪ್ರಾಜೆಕ್ಟ್‌ನಿಂದ ತೆಗೆದಿದ್ದಾರೆ. ಶನಿವಾರ ಸೈಪ್ರೆಸ್‌ಗೆ ಹೋಗಿ ಪಂಪ್ ನಡೆಸುವ ಕಂಟ್ರೋಲರ್ ಪರೀಕ್ಷಿಸಿ, ಕೆಲಸವನ್ನು ಬೇರೆಯವರಿಗೆ ಒಪ್ಪಿಸುತ್ತಾನೆ. ಕಂಪನಿಯಲ್ಲೇ ಇರುತ್ತಾನೋ ಇಲ್ಲವೋ ಆಮೇಲಿನ ಮಾತು.

ನಿಜ ಹೇಳಿದರೆ ನನ್ನ ಮೊದಲ ಒಳ್ಳೆಯ ಕೆಲಸ ಹೋಗಬಹುದು. ಹೇಳದಿದ್ದರೆ ಅವನ ಮುಖವನ್ನು ಇನ್ನು ಯಾವತ್ತೂ ನೋಡಲಾರೆ. ಬೆಳಗಾಗುವ ತನಕ ಇವೆರಡನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಬೆಳಿಗ್ಗೆ ಎಂಟಕ್ಕೆ ಕಾರಿನಲ್ಲಿ ಕೂತಿದ್ದೆ.

ದಾರಿಯಲ್ಲಿ ಅಮ್ಮ ಫೋನ್ ಮಾಡಿದಳು. ದನಿ ಯಾಕೆ ಹೀಗಿದೆ ಅಂದಳು. ಅವನನ್ನು 'ಆಫೀಸಿನವರೊಬ್ಬರು' ಅಂತಷ್ಟೇ ಕರೆದು, ಉಳಿದದ್ದೆಲ್ಲ ಹೇಳಿದೆ. ಅಮ್ಮ ಹೊಲಿಗೆ ಮಿಷನ್ ನಿಲ್ಲಿಸಿದಳು. ಬಟ್ಟೆ ತಪ್ಪು ಕತ್ತರಿಸಿದರೆ ಗಿರಾಕಿ ಬೈಯುವುದು ಐದು ನಿಮಿಷ, ಹೇಳದೆ ಇಟ್ಟುಕೊಂಡ ದಿನಗಳೇ ಕಷ್ಟ ಅಂದಳು. ಆಮೇಲೆ, "ಆ ಹುಡುಗ ಯಾವ ಊರಿನೋನು?" ಅಂತ ಕೇಳಿದಳು. ಹುಡುಗ ಅಂತ ನಾನು ಹೇಳಿರಲೇ ಇಲ್ಲ.

*

ಸ್ಟೇಷನ್ನಿಗೆ ಅವನು ಇನ್ನೂ ಬಂದಿರಲಿಲ್ಲ. ಎರ್ನೆಸ್ಟೊ ಇದ್ದರು. ಐವತ್ತು ದಾಟಿದ ಮನುಷ್ಯ, ಬೂಟಿನ ಕೆಸರು ಒಣಗಿತ್ತು. ಆ ಪುಸ್ತಕ ಬರೆದವಳು ನಾನು, ಒಂಬತ್ತು ಜಾಗದಲ್ಲಿ ತಪ್ಪು ಮಾಡಿದೆ, ಕ್ಷಮಿಸಿ ಅಂದೆ. ಅವರು ನನ್ನನ್ನು ನೋಡಿ, ಬೈಯದೆ, ಗೋಡೆಯ ಕಡೆ ಕರೆದುಕೊಂಡು ಹೋಗಿ ಬಟನ್ ತೋರಿಸಿದರು. ಆ ಸಾಲನ್ನು ನಾಲ್ಕು ಸಲ ಓದಿದ್ದರಂತೆ. ಪುಸ್ತಕ ತಪ್ಪಿರಬಹುದು ಅಂತ ಹೊಳೆಯಲೇ ಇಲ್ಲವಂತೆ. ದಡ್ಡ ನಾನೇ ಇರಬೇಕು ಅಂದುಕೊಂಡರಂತೆ.

ಆ ಮಾತು ನನ್ನೊಳಗೆ ಹೋಗಿ ಕೂತಿತು. ಬದುಕಿಡೀ ನಾನು ಪುಸ್ತಕಗಳ ಮುಂದೆ ಹಾಗೇ ನಿಂತವಳು.

ಕಾರಿಗೆ ಹೋಗಿ ರಿಷಭ್‌ಗೆ, ಕಸ್ಟಮರ್‌ಗೆ, ಅವನಿಗೆ ಒಂದೇ ಮೇಲ್ ಬರೆದೆ. ಪದ ಬದಲಿಸಿದವಳು ನಾನು. ಪಟ್ಟಿಯಲ್ಲಿ ಸರಿಯಾಗಿ ಬರೆದಿದ್ದರೂ ಒಂದೊಂದನ್ನೂ ಓದದೆ ಒಟ್ಟಿಗೆ ಬದಲಿಸಿದೆ. ತಿದ್ದಿದ ಪುಟಗಳು ಜೊತೆಗಿವೆ. ಕಳಿಸಿ, ಸ್ಟೀರಿಂಗ್ ಮೇಲೆ ಹಣೆ ಇಟ್ಟು ಕೂತೆ.

ಪಕ್ಕದಲ್ಲಿ ಕಾರು ನಿಂತ ಸದ್ದು. ಅವನು ಫೋನ್ ನೋಡುತ್ತಲೇ ಇಳಿದ. ವಾರದ ಗಡ್ಡ. ನಾನೂ ಇಳಿದೆ.

"ಯಾಕ ಕಳಿಸಿದ್ರಿ ಇದನ್ನ? ಎಲ್ಲಾ ಮುಗದಿತ್ತಲ್ರಿ."

"ನನ್ನ ತಪ್ಪನ್ನ ನೀವು ಯಾಕೆ ತಗೊಂಡ್ರಿ?"

"ನಿಮ್ಮ ಕೆಲಸ ಉಳೀಲಿ ಅಂತ."

"ನನ್ನನ್ನ ಕೇಳಿದ್ರಾ?"

ಅವನು ಬೇಲಿಯಾಚೆಯ ಕೊಳ ನೋಡಿದ. ಇಲ್ಲ ಅಂದ. ಮತ್ತೆ, ಓದದೆ ಅಪ್ರೂವ್ ಮಾಡಿದ್ದು ಮಾತ್ರ ಸುಳ್ಳಲ್ಲ ಅಂದ. ಆ ಗುರುವಾರ ನನ್ನ 'ಬರ್ತೀನಿ' ಬಂದ ಮೇಲೆ ಒಂದು ಪುಟವನ್ನೂ ತೆರೆದಿರಲಿಲ್ಲವಂತೆ. ಯಾವ ಅಂಗಿ ಹಾಕಿಕೊಳ್ಳುವುದು ಅಂತ ನೋಡುತ್ತಿದ್ದನಂತೆ.

"ನಾನು ಹದಿನೇಳು ನಿಮಿಷ ಬಾಯಿ ಮುಚ್ಕೊಂಡಿದ್ದೆ, ಶಶಿಕಾಂತ್. ನೀವು ಅವತ್ತು ಒಳ್ಳೇದು ಮಾಡಿದ್ರಿ ಅಂದ್ಕೊಂಡಿರಬಹುದು. ನನಗೆ ಈ ವಾರ ಕನ್ನಡಿ ನೋಡೋಕೆ ಆಗಿಲ್ಲ. ನನಗೆ ನೀವು ಬೇಕು. ನನ್ನ ಬದಲು ಮಾತಾಡೋವ್ರು ಬೇಡ."

ಹೇಳಿದ ಮೇಲೆ ಹೇಳಿದ್ದೇನು ಅಂತ ತಿಳಿಯಿತು. ಅವನಿಗೂ ತಿಳಿಯಿತು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಏನೋ ಹೇಳಲು ಹೊರಟ, ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ರಿಷಭ್.

ಅವನ ಕೈ ತಾನಾಗಿ ನನ್ನ ಫೋನಿನತ್ತ ಬಂತು. ಅರ್ಧದಲ್ಲಿ ನಿಂತಿತು. ಹಿಂದಕ್ಕೆ ಹೋಯಿತು.

ನಾನೇ ತೆಗೆದೆ. ಅರೆ ಯಾರ್, ಇದನ್ನು ಸೋಮವಾರವೇ ಯಾಕೆ ಹೇಳಲಿಲ್ಲ ಅಂದರು ರಿಷಭ್. ಹೆದರಿದ್ದೆ ಅಂದೆ. ಮುಂದಿನ ಸೋಮವಾರ ಕಸ್ಟಮರ್ ಮುಂದೆ ಇದನ್ನು ನೀನೇ ಹೇಳಬೇಕು, ಅವರು ಏನು ತೀರ್ಮಾನ ಮಾಡುತ್ತಾರೋ ನಾನು ಮಾತು ಕೊಡಲಾರೆ ಅಂದರು. ಹೇಳ್ತೀನಿ ಅಂದೆ. ಶಶಿಕಾಂತ್‌ನನ್ನು ಪ್ರಾಜೆಕ್ಟ್‌ಗೆ ವಾಪಸ್ ತಗೊಳ್ಳಿ ಅಂತಲೂ ಕೇಳಿದೆ. ಅದನ್ನು ಅವನ ಹತ್ತಿರವೇ ಮಾತಾಡುತ್ತೇನೆ, ಅವನಿಗೂ ನಾಲ್ಕು ಮಾತು ಬಾಕಿ ಇದೆ ಅಂದರು. ಅಷ್ಟು ಹೊತ್ತೂ ಅವನು ನನ್ನ ಪಕ್ಕದಲ್ಲಿ ಕಾರಿಗೆ ಒರಗಿ, ತುಟಿ ಬಿಗಿಹಿಡಿದು ನಿಂತಿದ್ದ. ಒಂದು ಪದ ಆಡಲಿಲ್ಲ. ಅದಕ್ಕೆ ಅವನು ಎಷ್ಟು ಕಷ್ಟಪಡುತ್ತಿದ್ದ ಅನ್ನುವುದು ಕಾಣುತ್ತಿತ್ತು.

ಫೋನ್ ಇಟ್ಟೆ.

"ಈಗ ನಾ ಮಾತಾಡಬಹುದೇನ್ರಿ?"

"ನಿಮ್ಮ ಬಗ್ಗೆ ಆದ್ರೆ ಮಾತಾಡಿ."

"ನನ್ನ ಬಗ್ಗೇನ. ನನಗ ನೀವು ಬೇಕ್ರಿ. ತಪ್ಪು ಮಾಡಿದಾಗೂ ಬೇಕು, ಹಿಂಗ ನಿಲ್ಲಿಸಿ ಬೈಯೂವಾಗೂ ಬೇಕು. ಇನ್ನೊಮ್ಮೆ ನಿಮ್ಮನ್ನ ಕೇಳದ ಏನೂ ಮಾಡೂದಿಲ್ಲ."

"ನಾನಿನ್ನೂ ಬೈದು ಮುಗಿಸಿಲ್ಲ."

"ಮುಗಸ್ರಿ. ನಿಂತೀನಿ."

ಕೊಳದ ಅಂಚಿನಲ್ಲಿ ಒಂದು ಬಿಳಿ ಕೊಕ್ಕರೆ ಕೆಸರಿನಲ್ಲಿ ಕಾಲೆತ್ತಿ ಕಾಲಿಡುತ್ತಿತ್ತು. ಸೋಮವಾರ ಏನಾಗುತ್ತದೋ ಗೊತ್ತಿರಲಿಲ್ಲ. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಬೈಯಬೇಕಾದ ಮಾತುಗಳೆಲ್ಲ ದಾರಿಯುದ್ದಕ್ಕೂ ಜೋಡಿಸಿಟ್ಟಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಕೈ ಚಾಚಿ ಅವನ ಕೈ ಹಿಡಿದೆ. ಅವನೂ ಬಿಗಿಯಾಗಿ ಹಿಡಿದ. ಬೈಯುವುದು ಇನ್ನೂ ಬಾಕಿ ಇತ್ತು, ಆದರೂ ನನಗೆ ಬಿಡಲು ಮನಸ್ಸಾಗಲಿಲ್ಲ.